ಭಾನುವಾರದ ಉಪವಾಸ

ಡೊಂಬಿವಲಿ (ಪೂರ್ವ)
12 ಜುಲೈ 1998

ಸಂಜನಾ,

…ಬೆಟ್ಟದ ಬುಡದಲ್ಲಿ ನಿಂತವನಿಗೆ ಮಾತು ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ನೀನೋ, ನಿನ್ನ ಅಮ್ಮನೋ, ಹೋಟೆಲಿನ ಯಾವನೋ ಗಿರಾಕಿಯೋ, ಈಗ ನೆನಪಾಗುತ್ತಿಲ್ಲ. ಮಾತಿನ ಮೊದಲರ್ಧವೂ ಮರೆತಿದೆ. ಎರಡು ವರ್ಷದ ಮೇಲೆ ಬರೆಯುವ ಕಾಗದವನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಉಳಿದಿರುವ ಅರ್ಧದಿಂದ ಶುರುಮಾಡಿದ್ದೇನೆ.

ನಿನ್ನ ಅಮ್ಮ ತಿಂಗಳಿಗೊಮ್ಮೆ ಭಾಂಡೂಪಿನ ಅಕ್ಕನ ಮನೆಗೆಂದು ಹೋಗುತ್ತಾಳೆ. ಐರೋಲಿಯ ಬಸ್ಸಿನ ಟಿಕೆಟು ಅವಳ ಪರ್ಸಿನಲ್ಲಿ ಉಳಿದಿರುತ್ತದೆ. ನಾನು ಯಾವತ್ತೂ ಕೇಳಿದವನಲ್ಲ. ಹೋದ ವಾರ ಅವಳಾಗಿಯೇ ಬಾಯಿಬಿಟ್ಟಳು: "ಅವಳ ಮನೆಯೂ ಬೇಡ, ನಮ್ಮ ಮನೆಯೂ ಬೇಡ, ಹೊರಗೆ ಎಲ್ಲಾದರೂ ಒಂದು ದಿನ ಸೇರುವಾ ಅಂತ ಹೇಳ್ತಾಳೆ ನಿಮ್ಮ ಮಗಳು. ನಿಮಗೆ ಹೊಸ್ತಿಲಿನ ಶಪಥ ಉಂಟಲ್ಲ, ಬಸ್ಸಿಗೆ ಹೊಸ್ತಿಲಿಲ್ಲ ಮಾರಾಯ್ರೆ."

ಶಪಥ ಎನ್ನುವುದು ದೊಡ್ಡ ಶಬ್ದ. ನೀನು ಥಾಣೆಯಲ್ಲಿ ರಿಜಿಸ್ಟರ್ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತ ಸಂಜೆ, ನಾನು ಅವನ ಮನೆಗೆ ಕಾಲಿಡುವುದಿಲ್ಲ ಎಂದೆ. ಕರೆಯುವವರೆಗೆ ನಾನೂ ಬರುವುದಿಲ್ಲ ಎಂದೆ ನೀನು. ಅವರು ನಿನ್ನನ್ನು ಬದಲಾಯಿಸಿಬಿಡುತ್ತಾರೆ ಎಂದೆ. "ನಾನು ಏನೂ ಬದಲಾಗುವುದಿಲ್ಲ ಪಪ್ಪ" ಎಂದೆ ನೀನು. ಅಷ್ಟೇ ಮಾತು. ಆಮೇಲೆ ಇಬ್ಬರೂ ಆಡಿದಂತೆಯೇ ನಡೆದುಕೊಂಡೆವು, ಶಿಸ್ತಿನ ಮಕ್ಕಳ ಹಾಗೆ.

ಫಡಕೆ ರಸ್ತೆಯ ಒಂದು ಮಹಡಿಯಲ್ಲಿ ಭುಜಂಗ ಮಾಸ್ತರರೆಂಬವರು ಒಂದು ದಿನದ ಪ್ರವಾಸಗಳನ್ನು ಏರ್ಪಡಿಸುತ್ತಾರೆ. ಹಿಂದೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು. ಬಸ್ಸು, ತಿಂಡಿ, ಹಳ್ಳಿಯ ಮನೆಯೊಂದರಲ್ಲಿ ಊಟ, ದಾರಿಯುದ್ದಕ್ಕೂ ಅವರದೇ ವಿವರಣೆ. ಹಸ್ತಪತ್ರಿಕೆಯಲ್ಲಿ ಮೂರು ಊರುಗಳಿವೆ. ಒಂದು ಅಲಿಬಾಗದ ಕಡೆ, ಸಮುದ್ರದಂಡೆ. ಕರಾವಳಿಯಲ್ಲಿ ಹುಟ್ಟಿದವನು ನಾನು, ಸಮುದ್ರ ನೋಡಲು ಟಿಕೆಟು ಕೊಳ್ಳಲಾರೆ. ಎರಡನೆಯದು ಬದಲಾಪುರದ ಆಚೆ ನದಿಯ ಪಕ್ಕದ ಕೋಂಡೆಗಾಂವ್, ಹಳೆಯ ಶಿವಾಲಯವಿದೆಯಂತೆ. ಮೂರನೆಯದು ಮಾಳಶೇಜ ಘಾಟಿಯ ಕೆಳಗಿನ ಕರಂಜೆವಾಡಿ, ಮಳೆ ನಿಂತ ಮೇಲೂ ಜಲಪಾತ ಇರುತ್ತದಂತೆ. ಅಕ್ಟೋಬರಿನಲ್ಲಿ ಹೋಗಬಹುದು. ಅವನಿಗೂ ರಜೆ ಇರುವ ದಿನ ನೋಡು.

ಇನ್‌ಲ್ಯಾಂಡಿನಲ್ಲಿ ಜಾಗ ಮುಗಿಯಿತು.

ತಾರಾನಾಥ

*

ಐರೋಲಿ
21 ಜುಲೈ 1998

ಪ್ರೀತಿಯ ಪಪ್ಪ,

ನಿಮ್ಮ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಪೋಸ್ಟ್‌ಮ್ಯಾನ್ ಮೂರನೇ ಮಹಡಿಯವರೆಗೆ ಹತ್ತಿ ಬಂದಿದ್ದ, ಅವನನ್ನು ಕೂರಿಸಿ ಚಹಾ ಕೊಟ್ಟೆ. "ಮೇಡಮ್, ನೌಕರಿ ಲಾಗಲಿ ಕಾ?" ನನ್ನ ಖುಷಿ ನೋಡಿ, ಕೆಲಸ ಸಿಕ್ಕಿತಾ ಎಂದು ಕೇಳಿದ. ಹೌದು ಎಂದೆ.

ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ನನ್ನದು. ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡಿ.

ದಿಲೀಪರು ಬರುತ್ತಾರೆ. ನಮ್ಮ ಕಿಟಕಿಯಿಂದ ಕಾಣುವ ಖಾಡಿಯ ಹಿನ್ನೀರಿನ ಮೇಲೆ ಮುಲುಂಡಿಗೆ ಸೇತುವೆ ಏಳುತ್ತಿದೆಯಲ್ಲ, ಅಲ್ಲೇ ಸೂಪರ್‌ವೈಸರ್. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ರಜೆ. ಅಕ್ಟೋಬರ್ 11 ಆಗುತ್ತದೆ.

ಊರು ಮಾತ್ರ ಕೋಂಡೆಗಾಂವ್ ಆಗಲಿ ಪಪ್ಪ. ನದಿ ಇದೆ, ದೇವಸ್ಥಾನ ಇದೆ. ಊಟಕ್ಕೆ ಪುರಣಪೋಳಿಯಂತೆ. ಜಲಪಾತವೆಂದರೆ ಜನ ಕಿರುಚುತ್ತಾರೆ, ಅಮ್ಮನಿಗೆ ಕಾಲು ಜಾರುತ್ತದೆ. ಘಾಟಿಯ ರಸ್ತೆಯಲ್ಲಿ ನನಗೂ ಹೊಟ್ಟೆ ತೊಳಸುತ್ತದೆ.

ನಿಮ್ಮ
ಸಂಜನಾ

*

ಡೊಂಬಿವಲಿ
4 ಆಗಸ್ಟ್ 1998

ಸಂಜನಾ,

ಕರಂಜೆವಾಡಿ ಘಾಟಿಯ ಕೆಳಗಿದೆ. ಬಸ್ಸು ಘಾಟಿ ಹತ್ತುವುದೇ ಇಲ್ಲ. ಅಮ್ಮನ ಕಾಲಿನ ವಿಚಾರವನ್ನು ಅಮ್ಮನಿಗೇ ಓದಿ ಹೇಳಿದೆ. "ನನ್ನ ಕಾಲು ನಿನ್ನ ತಲೆಗಿಂತ ಗಟ್ಟಿ ಉಂಟು ಅಂತ ಬರೀರಿ" ಎಂದಳು. ಬರೆದಿದ್ದೇನೆ.

ಪುರಣಪೋಳಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಮೂವತ್ತು ವರ್ಷ ಕಲ್ಯಾಣದ ಸಸ್ಯಾಹಾರಿ ಹೋಟೆಲಿನ ಕೌಂಟರಿನ ಹಿಂದೆ ನಿಂತು ಸಾಂಬಾರಿನ ಹಬೆ ಕುಡಿದವನನ್ನು, ಸಿಕ್ಕಿದ ಒಂದು ರಜೆಯಲ್ಲಿ ಮತ್ತೆ ಬಾಳೆಲೆಯ ಮುಂದೆಯೇ ಕೂರಿಸುತ್ತೀಯಾ? ಕರಂಜೆವಾಡಿಯಲ್ಲಿ ಊರಕೋಳಿಯ ಸಾರು, ಅಕ್ಕಿಹಿಟ್ಟಿನ ಭಾಕರಿ. ಮಾಸ್ತರರು ಅದನ್ನು ವರ್ಣಿಸುವಾಗ ನನಗೆ ನಮ್ಮ ಭಾನುವಾರಗಳು ನೆನಪಾದವು. ಅಮ್ಮ ಕೋರಿರೊಟ್ಟಿ ಮಾಡಿದ ದಿನ ನೀನು ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸದೆ, ಕರಿಕರಿ ಸದ್ದು ಮಾಡಿ ತಿನ್ನುತ್ತಿದ್ದೆ. ಕೋಳಿಯ ತುಂಡೆಲ್ಲ ಮುಗಿದ ಮೇಲೆ ನನ್ನ ತಟ್ಟೆ ನೋಡುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ, ನೋಡುತ್ತಿದ್ದೆ ಅಷ್ಟೆ. ನಿನ್ನ ಪಾಲಿಗೆಂದೇ ನಾನು ನಿಧಾನವಾಗಿ ತಿನ್ನುವುದನ್ನು ಕಲಿತೆ. ಈಗ ಆ ಅಭ್ಯಾಸ ಉಳಿದಿದೆ. ನಿನ್ನಮ್ಮ ತಟ್ಟೆ ತೊಳೆಯಲು ಕಾದು ಬೈಯುತ್ತಾಳೆ.

ಇನ್ನು ಅವನ ವಿಷಯ. ಗುಲ್ಬರ್ಗಾ ಕಡೆಯವರು, ಅಪ್ಪ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ, ತಾನು ಕಬ್ಬಿಣ ಸಿಮೆಂಟಿನ ನಡುವೆ ದಣಿಯುವವನು. ದೇವಸ್ಥಾನದ ಊಟದಲ್ಲಿ ಅವನ ಹೊಟ್ಟೆ ತುಂಬಲಿಕ್ಕಿಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವನು ದೋಸೆ, ಇವನು ಪೂರಿ ಎಂದು ಒಳಗೆ ಕೂಗುವವನು ನಾನು. ಅವನನ್ನು ನೋಡಿದ್ದು ಒಂದೇ ಸಲ, ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ, ನೀನು ಪಕ್ಕದಲ್ಲಿದ್ದೆ. ಆದರೂ ಅಂದಾಜು ತಪ್ಪಲಿಕ್ಕಿಲ್ಲ.

ಒಪ್ಪಿದೆಯೆಂದು ಬರೆ.

ಪಪ್ಪ

*

ಐರೋಲಿ
17 ಆಗಸ್ಟ್ 1998

ಅಮ್ಮ,

ಇದನ್ನು ಪಕ್ಕದ ಮನೆಯ ನಾಗವೇಣಿ ಆಂಟಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿ ಹರಿದುಬಿಡು. ಪಪ್ಪನಿಗೆ ಒಪ್ಪಿಗೆ ಎಂದು ಬರೆದು ಹಾಕಿದೆ, ಬೇರೇನು ಬರೆಯಲಿ?

ನಿನಗೆ ಎಲ್ಲ ಗೊತ್ತು. ಈ ಮನೆಯಲ್ಲಿ ಮೊಟ್ಟೆ ಕೂಡ ಬರುವುದಿಲ್ಲ. ಮಾವ ಕೊರಳಲ್ಲಿ ಲಿಂಗ ಕಟ್ಟಿದವರು, ಬೆಳಿಗ್ಗೆ ಪೂಜೆಯಾಗದೆ ನೀರು ಮುಟ್ಟುವುದಿಲ್ಲ. ದಿಲೀಪರು ಹುಟ್ಟಿದಾಗಿನಿಂದ ತಿಂದವರೇ ಅಲ್ಲ. ನನಗೆ ಯಾರೂ ಬೇಡ ಎಂದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಬುಧವಾರ ಥಾಣೆಯಿಂದ ಬಂಗುಡೆ ತಂದು ಹುರಿದೆ. ಮಾವ ಎದ್ದು ಹೋಗಿ ಮೆಟ್ಟಿಲ ಮೇಲೆ ಕುಳಿತರು. ಸಿಟ್ಟು ಮಾಡಲಿಲ್ಲ. ವಾಸನೆ ಹೋಗುವವರೆಗೆ ಹಾದುಹೋಗುವವರ ಹತ್ತಿರವೆಲ್ಲ "ಒಳಗ ಭಾಳ ಶೆಕಿ ಅದ" ಎನ್ನುತ್ತಿದ್ದರು. ಅವತ್ತೇ ಬಿಟ್ಟೆ. ನಾನಾಗಿಯೇ ಬಿಟ್ಟೆ ಅಮ್ಮ. ಆದರೆ ಪಪ್ಪನಿಗೆ ಅದು ಹೇಗೆ ಕೇಳಿಸುತ್ತದೆ? ಏನೂ ಬದಲಾಗುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದವಳು ನಾನು. ಮಗಳ ತಟ್ಟೆಯನ್ನೇ ಬದಲಾಯಿಸಿದರು ಎನ್ನುತ್ತಾರೆ. ಮತ್ತೆ ಎರಡು ವರ್ಷ.

ಕೋರಿರೊಟ್ಟಿಯ ಬಗ್ಗೆ ಬರೆದಿದ್ದಾರೆ. ಆ ಸಾಲುಗಳನ್ನು ಮೂರು ಸಲ ಓದಿದೆ. ನೀನೇ ಹೇಗಾದರೂ ಹೇಳು.

ಸಂಜು

*

ಡೊಂಬಿವಲಿ
25 ಆಗಸ್ಟ್ 1998

ಮಗಾ,

ಹೇಳಲಿಕ್ಕೆ ನಾಲ್ಕು ಸಲ ಬಾಯಿ ತೆಗೆದೆ. ಮೊದಲನೇ ಸಲ ಇವರು ಹಸ್ತಪತ್ರಿಕೆ ಹಿಡಿದು ಕನ್ನಡಕ ಹುಡುಕ್ತಾ ಇದ್ರು, ಕನ್ನಡಕ ಮೂಗಿನ ಮೇಲೇ ಇತ್ತು. ಎರಡನೇ ಸಲ ಹೊಸ ಶರ್ಟಿಗೆ ಬಟನ್ ಹೊಲಿ ಅಂತ ಕೊಟ್ರು. ಮೂರನೇ ಸಲ ಹೋಟೆಲಿನ ಧರ್ಮಪಾಲನ ಹತ್ತಿರ "ನಮ್ಮ ಅಳಿಯ ಸೇತುವೆ ಕಟ್ಟುವವ" ಅಂತ ಹೇಳಿದ್ದನ್ನು ನನಗೆ ಬಂದು ಹೇಳಿದ್ರು. ಅಳಿಯ ಅಂತ ಬಾಯಲ್ಲಿ ಬಂದದ್ದು ಇದೇ ಮೊದಲು. ಆಮೇಲೆ ನಾನು ಹೇಗೆ ಹೇಳೂದು ಮಗಾ? ಹೇಳಿದ್ರೆ ಎಲ್ಲ ಕ್ಯಾನ್ಸಲ್ ಅಂತಾರೆ. ನಾಲ್ಕನೇ ಸಲ ನಾನೇ ಅಡುಗೆ ಮನೆಗೆ ಹೋದೆ.

ನೀನು ಬಾ. ಅವನನ್ನೂ ಕರ್ಕೊಂಡು ಬಾ. ಅಲ್ಲಿ ನೋಡಿಕೊಳ್ಳುವಾ.

ಕಾಗದ ಹರಿದಿದ್ದೇನೆ. ಅರ್ಧ ಹರಿದು ಅರ್ಧ ಇಟ್ಟುಕೊಂಡಿದ್ದೇನೆ, ನಿನ್ನ ಅಕ್ಷರ ಇರುವ ಅರ್ಧ.

ಅಮ್ಮ ಶ್ರೀಮತಿ

*

ಡೊಂಬಿವಲಿ
20 ಸೆಪ್ಟೆಂಬರ್ 1998

ಸಂಜನಾ,

ನಾಲ್ಕು ಸೀಟು ಆಯಿತು. ಬಸ್ಸು ಡೊಂಬಿವಲಿಯಿಂದ ಹೊರಟು ಏಳು ಗಂಟೆಗೆ ಕಲ್ಯಾಣದ ಎಸ್.ಟಿ. ಸ್ಟ್ಯಾಂಡಿಗೆ ಬರುತ್ತದೆ. ನೀವು ಐರೋಲಿಯಿಂದ ಮೊದಲ ಬಸ್ಸು ಹಿಡಿದು ಥಾಣೆಗೆ ಬಂದು ಲೋಕಲ್ ಹತ್ತಿದರೆ ಸರಿಹೋಗುತ್ತದೆ. ಹೋಟೆಲಿನ ಮುಂದೆ ನಿಲ್ಲಬೇಡಿ, ಧರ್ಮಪಾಲ ಇಡ್ಲಿ ತಿನ್ನಿಸದೆ ಬಿಡುವುದಿಲ್ಲ, ಬಸ್ಸು ತಪ್ಪುತ್ತದೆ. ದಿಲೀಪನಿಗೆ ಕಿಟಕಿಯ ಪಕ್ಕ ಕೇಳಿದ್ದೇನೆ.

ಫಾರ್ಮಿನಲ್ಲಿ ಹೆಸರಿನ ಎದುರು ಊಟದ ಕಾಲಮ್ಮು ಇತ್ತು. ಮಾಸ್ತರರು "ಮನೆಯವರನ್ನು ಕೇಳಿ ತುಂಬಿ, ಅವಸರವಿಲ್ಲ" ಎಂದರು. ಕೇಳುವುದೇನು, ಅಲ್ಲೇ ನಿಂತು ನಾಲ್ಕಕ್ಕೂ ನಾನ್‌ವೆಜ್ ಎಂದು ಬರೆದೆ. ದಿಲೀಪ ಎಂದು ನನ್ನ ಕೈಯಿಂದ ಬರೆದದ್ದು ಅದೇ ಮೊದಲು. ಹೊಸ ಪೆನ್ನಿನಲ್ಲಿ ಬರೆಯುವಾಗ ಆಗುವಂತೆ ಕೈ ಸ್ವಲ್ಪ ತಡೆಯಿತು, ಮತ್ತೆ ಓಡಿತು.

ಪಪ್ಪ

*

ಐರೋಲಿ
14 ಅಕ್ಟೋಬರ್ 1998

ಮಾವನವರಿಗೆ ದಿಲೀಪನ ಶರಣು.

ಪತ್ರ ಬರೆದು ನನಗೆ ರೂಢಿ ಇಲ್ಲ. ಸೈಟಿನ ರಿಪೋರ್ಟ್ ಮಾತ್ರ ಬರೆಯುತ್ತೇನೆ, ಅದೂ ಇಂಗ್ಲಿಷಿನಲ್ಲಿ. ಸಂಜನಾ ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ.

ಭಾನುವಾರ ಚೆನ್ನಾಗಿ ಆಯಿತು. ಅಂಥ ಬೆಟ್ಟ ನಮ್ಮ ಕಡೆ ಇಲ್ಲ, ನಮ್ಮದೆಲ್ಲ ಬಯಲು. ಆ ನೀರು ಎಷ್ಟು ಎತ್ತರದಿಂದ ಬೀಳುತ್ತದೆಂದು ನೀವು ಕೇಳಿದಿರಿ. ಮನೆಗೆ ಬಂದು ಲೆಕ್ಕ ಹಾಕಿದೆ. ನೂರಾ ಹತ್ತು ಅಡಿ ಇರಬೇಕು.

ನಮ್ಮ ಉಪವಾಸದ ಸಲುವಾಗಿ ನೀವು ಊಟ ಬಿಟ್ಟು ಎದ್ದು ನಾಲ್ಕು ಮನೆ ತಿರುಗಿ ಬಾಳೆಹಣ್ಣು ತಂದಿರಿ. ಬಿಸಿಲಲ್ಲಿ ಬರುವಾಗ ನಿಮ್ಮ ಶರ್ಟು ಪೂರಾ ತೊಯ್ದಿತ್ತು. ನಮ್ಮಪ್ಪನಿಗೆ ಹೇಳಿದೆ. ಆತ "ದೊಡ್ಡ ಮನಸಿನ ಮನಷ್ಯಾ ಇದ್ದಾನ" ಎಂದ.

ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ
ದಿಲೀಪ ಶಂಕ್ರೆಪ್ಪ

*

ಡೊಂಬಿವಲಿ
2 ನವೆಂಬರ್ 1998

ದಿಲೀಪ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ನಡುವೆ ದೀಪಾವಳಿ ಬಂತು, ಹೋಟೆಲಿನಲ್ಲಿ ಪುರಸೊತ್ತಿಲ್ಲ ಎಂದು ಬರೆಯಬಹುದಿತ್ತು. ಪುರಸೊತ್ತಿತ್ತು.

ನಿನ್ನ ಕಾಗದ ಬಂದ ದಿನ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಉಪವಾಸದ ಸಾಲು ಬಂದಾಗ ನಿಲ್ಲಿಸಿ, "ನೋಡು, ಎಂಥ ನಿಷ್ಠೆಯ ಹುಡುಗ, ಬೆಟ್ಟ ಹತ್ತುವ ದಿನವೂ ವ್ರತ ಬಿಡಲಿಲ್ಲ" ಎಂದೆ. ನಿನ್ನ ಅತ್ತೆ ಒಲೆಯ ಮುಂದಿದ್ದಳು. ನಗಲು ಶುರುಮಾಡಿದಳು. ಬಗ್ಗಿ, ಗೋಡೆ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಯಾವಾಗ ಅದು ಅಳುವಾಯಿತೋ ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದಳು: "ಅವರ ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ ಮಾರಾಯ್ರೆ. ಉಪವಾಸವೂ ಇಲ್ಲ, ಎಂಥದೂ ಇಲ್ಲ. ನಿಮ್ಮ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದು ಅವನು."

ನಾನು ಆ ಕಾಗದವನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದೆ.

ನನಗೆ ಅಲ್ಲೇ ತಿಳಿಯಬೇಕಿತ್ತು. ಉಪವಾಸದ ದಿನಗಳಲ್ಲಿ ಸಾಬೂದಾಣಿ ಖಿಚಡಿಗೆ ಸಾಬಕ್ಕಿ ಎಷ್ಟು ನೆನೆಹಾಕಬೇಕೆಂದು ಹಿಂದಿನ ದಿನವೇ ಹೇಳುವವನು ನಾನು. ಕಲ್ಯಾಣದ ಅರ್ಧ ಊರಿನ ಏಕಾದಶಿ, ಸಂಕಷ್ಟಿ ನನ್ನ ನಾಲಗೆಯ ತುದಿಯಲ್ಲಿದೆ. ಆ ಭಾನುವಾರ ಯಾವ ಪಂಚಾಂಗದಲ್ಲೂ ಏನೂ ಇರಲಿಲ್ಲ. ಆದರೂ, ಆ ಕಡೆಯ ಯಾವುದೋ ದೇವರದಿರಬೇಕು ಎಂದುಕೊಂಡೆ. ನಂಬುವುದು ನನಗೆ ಅನುಕೂಲವಾಗಿತ್ತು. ಅಷ್ಟು ಸಂತೋಷದಲ್ಲಿದ್ದೆ.

ಕರಂಜೆವಾಡಿಯ ಆ ಊಟದ ಅಂಗಳವನ್ನು ಈಗ ದಿನವೂ ಮನಸ್ಸಿನಲ್ಲಿ ನೋಡುತ್ತೇನೆ. ಮಾಸ್ತರರು ಪಟ್ಟಿ ಹಿಡಿದು ತಮ್ಮ ಭೋಂಗಾ ಮೈಕಿನಲ್ಲಿ "ತಾರಾನಾಥ ಪಾರ್ಟಿ, ಚಾರ್ ನಾನ್‌ವೆಜ್!" ಎಂದು ಕೂಗಿದ್ದು. ಆ ಮನೆಯ ಯಜಮಾನಿ ಮಾವಶಿ ನಾಲ್ಕು ತಟ್ಟೆ ತಂದಿಟ್ಟದ್ದು. ಸಂಜನಾ ತಟ್ಟೆ ನೋಡಿ, ನನ್ನನ್ನು ನೋಡಿ, ಬಾಯಿ ತೆರೆದದ್ದು. ಅವಳು ಏನಾದರೂ ಹೇಳುವ ಮೊದಲು ನೀನು ಕೈಮುಗಿದು, "ಮಾವಾರ, ಇವತ್ತ ನಮ್ದು ಉಪಾಸ ಅದರೀ, ಇಬ್ಬರದೂ" ಎಂದದ್ದು. ಬಲಗಡೆಯ ಸಾಲಿನಲ್ಲಿ ಹನ್ನೊಂದು ಮಂದಿ ಕಡಲೆಹಿಟ್ಟಿನ ಪಿಠಲೆ, ಬೇಳೆಸಾರು, ಬಿಸಿ ಅನ್ನ ಉಣ್ಣುತ್ತಿದ್ದರು. ನಾವು ಮಾಂಸ ತಿನ್ನುವವರಲ್ಲ ಎಂದು ಒಂದು ಮಾತು ಹೇಳಿದ್ದರೆ ಆ ಸಾಲಿಗೆ ಸರಿದು ಹೊಟ್ಟೆ ತುಂಬ ಉಣ್ಣಬಹುದಿತ್ತು. ಹಾಗೆ ಹೇಳಿದ್ದರೆ ಫಾರ್ಮು ತುಂಬಿದವನ ತಪ್ಪು ಇಡೀ ಬಸ್ಸಿನ ಎದುರು ಬಯಲಾಗುತ್ತಿತ್ತು. ನೀನು ಉಪವಾಸ ಎಂದೆ, ಅನ್ನವೂ ಇಲ್ಲ, ಭಾಕರಿಯೂ ಇಲ್ಲ. ಫಾರ್ಮಿನ ಸಂಗತಿಯನ್ನು ಸಂಜನಾ ನಿನಗೆ ಮೊದಲೇ ಹೇಳಿರಲಿಲ್ಲವಂತೆ. ಇಷ್ಟೆಲ್ಲ ಯೋಚನೆ ಮಾಡಲು ನಿನಗೆ ಎಷ್ಟು ಹೊತ್ತು ಸಿಕ್ಕಿತ್ತು? ತಟ್ಟೆ ನೆಲಕ್ಕೆ ತಾಗುವಷ್ಟು ಹೊತ್ತು.

ಮೂರು ಬಾಳೆಹಣ್ಣು, ಒಂದು ಹಿಡಿ ಶೇಂಗಾ. ಅದರ ಮೇಲೆ ನಿನ್ನನ್ನು ಜಲಪಾತದವರೆಗೆ ಹತ್ತಿಸಿದೆ. ನನ್ನ ಚೀಲವನ್ನೂ ನೀನೇ ಹೊತ್ತೆ. ಎತ್ತರ ಎಷ್ಟಿರಬಹುದು ಎಂದು ಬೇರೆ ಕೇಳಿದೆ. ಮುರಬಾಡದಲ್ಲಿ ಬಸ್ಸು ನಿಂತಾಗ ನಾನು ಬಿಸಿ ವಡಾಪಾವ್ ಕೊಂಡು ನಿಮ್ಮಿಬ್ಬರ ಎದುರೇ ನಿಂತು ತಿನ್ನುತ್ತ, "ನಿಮಗಿಲ್ಲವಲ್ಲ, ಪಾಪ" ಎಂದೆ. ನೀನು ನಕ್ಕೆ. ಆ ನಗುವಿನಲ್ಲಿ ನನಗೆ ಏನೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ನಕ್ಕೆ.

ಸಂಜನಾ ನನಗೆ ಹೇಳದೆ ಅಮ್ಮನಿಗೆ ಹೇಳಿದಳು. ಮೊದಲ ಎರಡು ದಿನ ಅದೇ ನೋವಾಗಿತ್ತು. ಆಮೇಲೆ, ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಅವಳ ಹೆದರಿಕೆ ಸರಿಯಾಗಿತ್ತು. ಅವಳು ಈಗ ಮೀನು ತಿನ್ನುವುದಿಲ್ಲ ಎಂಬುದು ನನಗೆ ಇನ್ನೂ ಪೂರ್ತಿ ಒಳಗಿಳಿದಿಲ್ಲ, ಸುಳ್ಳು ಬರೆಯಲಾರೆ. ಮೊನ್ನೆ ಬಂಗುಡೆ ತಿನ್ನುವಾಗ ಅವಳ ನೆನಪಾಗಿ ಕೈ ನಿಂತಿತು. ಬದಲಾದಳು ಎಂದು ಅನಿಸಲಿಲ್ಲ. ಅವಳು ಯಾರನ್ನೋ ನೋಯಿಸದೆ ಇರಲು ಏನೋ ಬಿಟ್ಟಿದ್ದಾಳೆ, ಅದನ್ನು ಯಾರ ಹತ್ತಿರವೂ ಹೇಳಿಕೊಂಡು ತಿರುಗಲಿಲ್ಲ. ಆ ಸ್ವಭಾವ ಚಿಕ್ಕಂದಿನಿಂದಲೂ ಇತ್ತೋ ಏನೋ. ಅವಳಿಗೆ ಬೇರೆ ಕಾಗದ ಬರೆಯುತ್ತೇನೆ. ಅವಳ ಅಮ್ಮನ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ.

ಎರಡು ವರ್ಷ ಮೂರು ತಿಂಗಳಲ್ಲಿ ನಿನ್ನ ಬಗ್ಗೆ ನಾನು ಎಷ್ಟೋ ವಿಷಯ ಊಹಿಸಿದ್ದೇನೆ. ಕೇಳಿದ್ದು ಒಂದನ್ನೂ ಇಲ್ಲ. ಮಾಸ್ತರರು ಕೇಳಿ ತುಂಬಿ ಎಂದಿದ್ದರು.

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು. ದೊಡ್ಡ ಮನಸ್ಸು ಎಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿ. ನಾನೇ ಬಂದು ಹೇಳುತ್ತೇನೆ. ಇಪ್ಪತ್ತೆರಡನೆಯ ತಾರೀಖು ಭಾನುವಾರ ಹೋಟೆಲಿನಲ್ಲಿ ರಜೆ ಕೇಳಿದ್ದೇನೆ. ಶ್ರೀಮತಿಗೆ ದಾರಿ ಗೊತ್ತಿದೆ, ನನ್ನನ್ನು ಕರೆದುಕೊಂಡು ಬರುತ್ತಾಳೆ. ಮೂರನೇ ಮಹಡಿ ಎಂದು ಸಂಜನಾ ಬರೆದಿದ್ದಳು, ನಿಧಾನವಾಗಿ ಹತ್ತುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಹಸಿದುಕೊಂಡೇ ಬರುತ್ತೇವೆ.

ನಿನ್ನ ಮಾವ
ತಾರಾನಾಥ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇಷ್ಟು ಕೇಳಿಬಿಡುತ್ತೇನೆ. ಆ ಭಾನುವಾರ ನಿಮ್ಮ ಮನೆಯಲ್ಲಿ ಅಡಿಗೆ ಏನು?